ಚೆನ್ನೈ ಒಟಿಎಗೆ ಹೊರಡಲು ಎರಡು ತಿಂಗಳಿದೆ, ಏನೇನು ತಯಾರಿ ಮಾಡಿಕೊಳ್ಳಬೇಕು?

ಎಂಜಿನಿಯರಿಂಗ್ ಮುಗಿಸಿ, ಸೇನಾ ಅಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಸಂದರ್ಶನದ ಐದು ದಿನಗಳನ್ನು ದಾಟಿ, ವೈದ್ಯಕೀಯ ಪರೀಕ್ಷೆಯಲ್ಲೂ ಪಾಸಾಗಿ, ಸೇನೆಯ ಶಾರ್ಟ್ ಸರ್ವಿಸ್ (ಸೀಮಿತ ಅವಧಿಯ ಸೇವೆ) ತಾಂತ್ರಿಕ ವಿಭಾಗದ ಅಕ್ಟೋಬರ್ ಕೋರ್ಸಿಗೆಂದು ಚೆನ್ನೈಯ ಆಫೀಸರ್ಸ್ ಟ್ರೇನಿಂಗ್ ಅಕಾಡೆಮಿಗೆ (ಒಟಿಎ) ಹೊರಟಿದ್ದೀರಿ. ಜಿಮ್ ಸೇರಬೇಕೇ, ದಿನಾ ಹತ್ತು ಕಿಲೋಮೀಟರ್ ಓಡಬೇಕೇ, ಹಿಂದಿ ಸರಿಯಾಗಿ ಬಾರದಿದ್ದರೆ ತೊಂದರೆಯಾದೀತೇ ಎಂದು ಕೇಳಿದ್ದೀರಿ. ಅದೇ ಅಕಾಡೆಮಿಯಲ್ಲಿ ತರಬೇತಿ ಪಡೆದು, ಶಾರ್ಟ್ ಸರ್ವಿಸ್ ಮುಗಿಸಿ ಊರಿಗೆ ಮರಳಿದವನು ನಾನು. ನಿಯಮಗಳು ಆಗಾಗ ಬದಲಾಗುತ್ತವೆ. ಆದ್ದರಿಂದ ನಿಮ್ಮ ಕೈಗೆ ಬರುವ ಜಾಯಿನಿಂಗ್ ಇನ್‌ಸ್ಟ್ರಕ್ಷನ್ ಒಂದು ಹೇಳಿ ನಾನು ಇನ್ನೊಂದು ಹೇಳಿದರೆ ಆ ಇನ್‌ಸ್ಟ್ರಕ್ಷನ್ ಅನ್ನೇ ನಂಬಿ.

ನನ್ನ ಉತ್ತರದ ತಿರುಳು ಇಷ್ಟೇ: ಕಾಲು ನೋಯಿಸಿಕೊಳ್ಳದೆ ಅಕಾಡೆಮಿಯ ಗೇಟು ಸೇರಿ. ಸೈನಿಕನಾಗುವ ಕೆಲಸವನ್ನು ಮನೆಯಲ್ಲೇ ಆರಂಭಿಸಬೇಡಿ, ಅದನ್ನು ಅವರು ನೋಡಿಕೊಳ್ಳುತ್ತಾರೆ.

ಹೀಗೆ ಹೇಳಲು ಕಾರಣವಿದೆ. 1962ರ ಯುದ್ಧದ ಬೆನ್ನಲ್ಲೇ ಸೇನೆಗೆ ತುರ್ತಾಗಿ ಅಧಿಕಾರಿಗಳು ಬೇಕಾದಾಗ, 1963ರಲ್ಲಿ ಆಫೀಸರ್ಸ್ ಟ್ರೇನಿಂಗ್ ಸ್ಕೂಲ್ ಎಂಬ ಹೆಸರಿನಲ್ಲಿ ಈ ಸಂಸ್ಥೆ ಶುರುವಾಯಿತು. ಅಕಾಡೆಮಿ ಎಂಬ ಹೆಸರು ಬಂದದ್ದು 1988ರಲ್ಲಿ. ಹುಟ್ಟಿನಲ್ಲೇ ಇದ್ದ ಆ ಅವಸರ ಇಂದಿಗೂ ಅದರ ರಕ್ತದಲ್ಲಿದೆ. ಸಿಡಿಎಸ್ ಎಂಬ ಪ್ರವೇಶ ಪರೀಕ್ಷೆ ಬರೆದು ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿಗೆ ಹೋಗುವ ಪದವೀಧರರಿಗೆ ಹದಿನೆಂಟು ತಿಂಗಳ ತರಬೇತಿ ಇದ್ದರೆ, ಇಲ್ಲಿ 49 ವಾರಗಳಲ್ಲಿ ಎಲ್ಲವೂ ಮುಗಿಯಬೇಕು. ಡ್ರಿಲ್, ಪಿಟಿ, ಶಸ್ತ್ರಾಭ್ಯಾಸ, ನಕಾಶೆ ಓದುವುದು, ಕ್ಯಾಂಪು, ಪಾಠ, ಪರೀಕ್ಷೆ ಎಲ್ಲವೂ ಒಂದರ ಮೇಲೊಂದು ಬರುತ್ತವೆ. ಇಂಥ ವೇಳಾಪಟ್ಟಿಯಲ್ಲಿ ಮೂಳೆ ಕೂಡಿಕೊಳ್ಳಲು ಬಿಡುವು ಎಲ್ಲಿದೆ? ಮೊಣಕಾಲಿನ ಕೆಳಗಿನ ಮುಂಗಾಲ ಮೂಳೆಯಲ್ಲಿ ಶುರುವಾಗುವ ನೋವನ್ನು ಅಲ್ಲಿ ಎಲ್ಲರೂ ಶಿನ್ ಪೇನ್ ಎನ್ನುತ್ತಾರೆ. ಅದನ್ನು ಅಲಕ್ಷಿಸಿ ಓಡಿದರೆ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಡಬಹುದು. ಬಿರುಕು ಬಿಟ್ಟರೆ ವಾರಗಟ್ಟಲೆ ವಿಶ್ರಾಂತಿ, ತಪ್ಪಿದ ಪರೀಕ್ಷೆಗಳು, ಕೊನೆಗೆ ರೆಲಿಗೇಶನ್. ಅಂದರೆ ನಿಮ್ಮ ಜೊತೆಗಾರರು ಹೆಗಲಿಗೆ ನಕ್ಷತ್ರ ಹಾಕಿಕೊಂಡು ಹೊರಬೀಳುವಾಗ ನೀವು ಮುಂದಿನ ಕೋರ್ಸಿನವರ ಜೊತೆ ಉಳಿಯಬೇಕು. ಓಟದಲ್ಲಿ ಹಿಂದೆ ಬೀಳುತ್ತಿದ್ದ ಎಷ್ಟೋ ಹುಡುಗರು ಒಂದೆರಡು ತಿಂಗಳಲ್ಲಿ ಸುಧಾರಿಸಿಕೊಂಡದ್ದನ್ನು ನೋಡಿದ್ದೇನೆ. ಮುರಿದ ಕಾಲನ್ನು ಛಲದಿಂದ ಸುಧಾರಿಸಿಕೊಂಡವರನ್ನು ನೋಡಿಲ್ಲ.

ಹಾಗೆಂದು ಕೈಕಟ್ಟಿ ಕೂರಬೇಡಿ. ತಾಂತ್ರಿಕ ಕೋರ್ಸುಗಳ ಇತ್ತೀಚಿನ ಪ್ರಕಟಣೆಗಳಲ್ಲಿ, ಪುರುಷ ಅಭ್ಯರ್ಥಿಗಳು ಬರುವಾಗಲೇ 2.4 ಕಿಲೋಮೀಟರನ್ನು ಹತ್ತೂವರೆ ನಿಮಿಷದಲ್ಲಿ ಓಡುವಂತಿರಬೇಕು ಎಂದಿದೆ. ಜೊತೆಗೆ 40 ಪುಷ್‌ಅಪ್, 6 ಪುಲ್‌ಅಪ್, 30 ಸಿಟ್‌ಅಪ್. ಈಜಿನ ಪ್ರಾಥಮಿಕ ಜ್ಞಾನವೂ ಬೇಕು. ನಾನೂರು ಮೀಟರ್ ಸುತ್ತಳತೆಯ ಕ್ರೀಡಾಂಗಣ ಹತ್ತಿರವಿದ್ದರೆ ಲೆಕ್ಕ ಸುಲಭ: ಆರು ಸುತ್ತು, ಸುತ್ತಿಗೆ 105 ಸೆಕೆಂಡು. ಕೇಳಲು ಅಷ್ಟೇನೂ ಅನ್ನಿಸುವುದಿಲ್ಲ, ನಾಲ್ಕನೆಯ ಸುತ್ತಿನಲ್ಲಿ ಗೊತ್ತಾಗುತ್ತದೆ. ಮೊದಲ ಎರಡು ವಾರ ಸಮಯ ನೋಡದೆ, ಮಾತಾಡುತ್ತಾ ಓಡಬಹುದಾದ ವೇಗದಲ್ಲಿ ಓಡಿ. ದೂರವನ್ನು ವಾರ ವಾರಕ್ಕೆ ಸ್ವಲ್ಪವೇ ಹೆಚ್ಚಿಸಿ. ವೇಗದ ಓಟಕ್ಕೆ ವಾರದಲ್ಲಿ ಎರಡು ದಿನ ಸಾಕು. ಡಾಂಬರು ರಸ್ತೆ ಬೇಡ, ಮಣ್ಣಿನ ದಾರಿ ಹುಡುಕಿ. ದಿನಾ ಹತ್ತು ಕಿಲೋಮೀಟರ್ ಎಂಬ ನಿಮ್ಮ ಯೋಜನೆಯನ್ನು ದಯವಿಟ್ಟು ಕೈಬಿಡಿ. ಈವರೆಗೆ ಕಂಪ್ಯೂಟರ್ ಮುಂದೆ ಕೂತಿದ್ದ ಕಾಲುಗಳಿಗೆ ಅದು ಅನ್ಯಾಯ. ಹೊರಡುವ ಮುನ್ನಿನ ವಾರ ಓಟವನ್ನು ಅರ್ಧಕ್ಕೆ ಇಳಿಸಿ.

ಜಿಮ್‌ಗಿಂತ ಒಂದು ಅಡ್ಡಕಂಬಿ ಸಾಕು, ಶಾಲೆಯ ಮೈದಾನದಲ್ಲಿ ಸಿಕ್ಕೇ ಸಿಗುತ್ತದೆ. ಒಂದು ಪುಲ್‌ಅಪ್ ಕೂಡ ಆಗದಿದ್ದರೆ ಗಾಬರಿಯಾಗಬೇಡಿ. ಹಾರಿ ಕಂಬಿಯ ಮೇಲಕ್ಕೆ ಗಲ್ಲ ತಂದುಕೊಂಡು, ಎಷ್ಟು ನಿಧಾನ ಸಾಧ್ಯವೋ ಅಷ್ಟು ನಿಧಾನವಾಗಿ ಕೆಳಗಿಳಿಯಿರಿ. ದಿನ ಬಿಟ್ಟು ದಿನ ಹೀಗೆ ಮಾಡಿದರೆ ಕೆಲವು ವಾರಗಳಲ್ಲಿ ಮೊದಲನೆಯದು ತಾನಾಗಿ ಬರುತ್ತದೆ. ಮುಂದೆ ಹಗ್ಗ ಹತ್ತುವಾಗ ಇದೇ ಹಿಡಿತ ಕೈಹಿಡಿಯುತ್ತದೆ. ತೋಳು ದಪ್ಪ ಮಾಡಿಕೊಂಡು ಬಂದವರು ತಮ್ಮ ತೂಕವನ್ನೇ ಹಗ್ಗದ ಮೇಲೆ ಎಳೆಯಲಾರದೆ ತೊಯ್ದು ತೊಪ್ಪೆಯಾಗುವುದು ಅಲ್ಲಿ ಮಾಮೂಲಿ ದೃಶ್ಯ.

ಈಜು ಬರುತ್ತದೆಯೇ? ಬಾವಿಯಲ್ಲೋ ಕಾಲುವೆಯಲ್ಲೋ ಕಲಿತಿದ್ದರೆ ಅರ್ಧ ಗೆದ್ದಿರಿ. ಬಾರದಿದ್ದರೆ ಈ ಎರಡು ತಿಂಗಳಲ್ಲಿ ದುಡ್ಡು ಖರ್ಚು ಮಾಡಬೇಕಾದ ಒಂದೇ ಜಾಗ ಈಜುಕೊಳ. ಎತ್ತರದ ಹಲಗೆಯಿಂದ ನೀರಿಗೆ ಹಾರಬೇಕಾಗುತ್ತದೆ, ಆ ಭಯ ನೀರಿನ ಪರಿಚಯವಿಲ್ಲದವರಿಗೆ ದುಪ್ಪಟ್ಟು.

ಅಕ್ಟೋಬರ್ ಕೋರ್ಸಿನವರು ನೆನಪಿಡಬೇಕಾದ ಇನ್ನೊಂದು ವಿಷಯ ಮಳೆ. ನಮ್ಮ ಕಡೆ ಮುಂಗಾರು ಮುಗಿದ ಮೇಲೆ ಚೆನ್ನೈಯ ಮಳೆಗಾಲ ಶುರುವಾಗುತ್ತದೆ, ಡಿಸೆಂಬರ್‌ವರೆಗೂ ಇರುತ್ತದೆ. ಬೂಟು ಒಣಗುವುದಿಲ್ಲ, ಸಾಕ್ಸ್ ಒಣಗುವುದಿಲ್ಲ, ಬೆರಳ ಸಂದಿ ಕೊಳೆಯುತ್ತದೆ. ಹತ್ತಿಯ ಸಾಕ್ಸ್ ಹೆಚ್ಚಾಗಿಯೇ ಇಟ್ಟುಕೊಳ್ಳಿ. ಫಂಗಸ್‌ಗೆ ಹಾಕುವ ಪೌಡರ್ ಇರಲಿ. ಗಟ್ಟಿ ಚರ್ಮದ ಬೂಟೊಂದನ್ನು ಈಗಿನಿಂದಲೇ ದಿನಕ್ಕೆ ಒಂದೆರಡು ಗಂಟೆ ಹಾಕಿಕೊಂಡು ನಡೆಯಿರಿ. ಹಿಮ್ಮಡಿಯಲ್ಲಿ ಬೊಬ್ಬೆ ಏಳುವುದಾದರೆ ಇಲ್ಲೇ ಏಳಲಿ.

ಇನ್ನು ಹಿಂದಿ. ಪಾಠ, ಪರೀಕ್ಷೆ, ಬರವಣಿಗೆ ಎಲ್ಲ ಇಂಗ್ಲಿಷಿನಲ್ಲಿ, ಆ ಭಯ ಬೇಡ. ಆದರೆ ಡ್ರಿಲ್ ಮೈದಾನದ ಭಾಷೆ ಹಿಂದಿ. ಸಾವಧಾನ್, ವಿಶ್ರಾಮ್, ದಾಹಿನೇ ಮುಡ್, ಬಾಯೇಂ ಮುಡ್, ತೇಜ್ ಚಲ್, ಥಮ್. ಎನ್‌ಸಿಸಿಯಲ್ಲಿದ್ದವರಿಗೆ ಇವು ಬಾಯಿಪಾಠ. ನೀವು ಇರಲಿಲ್ಲವಾದರೆ ಎನ್‌ಸಿಸಿ ಡ್ರಿಲ್ ವಿಡಿಯೊಗಳನ್ನು ನೋಡಿ ಕಿವಿಗೆ ರೂಢಿ ಮಾಡಿಕೊಳ್ಳಿ, ಎಡ ಬಲ ತಡಬಡಾಯಿಸಬಾರದು. ಅದಕ್ಕಿಂತಲೂ ಮುಖ್ಯವಾದದ್ದು ಅಂಕಿಗಳು. ನಿಮ್ಮ ಸಂಖ್ಯೆ, ರೈಫಲ್ ಸಂಖ್ಯೆ, ಇನ್ನೆಷ್ಟು ಉಳಿದಿದೆ ಎಂಬ ಲೆಕ್ಕವನ್ನೆಲ್ಲ ಉಸ್ತಾದರು (ತರಬೇತಿ ಕೊಡುವವರು) ಹಿಂದಿಯಲ್ಲಿ ಒಂದೇ ಉಸಿರಿಗೆ ಹೇಳುತ್ತಾರೆ. ಸೈಂತಾಲೀಸ್ ಎಂದರೆ 47, ಸತ್ತಾವನ್ ಎಂದರೆ 57. ಒಂದರಿಂದ ನೂರರವರೆಗೆ ಮಗ್ಗಿಯಂತೆ ಗಟ್ಟಿ ಮಾಡಿ. ನೀವೊಬ್ಬರೇ ಹೀಗೆ ಎಂದುಕೊಳ್ಳಬೇಡಿ. ತಮಿಳರು, ಮಣಿಪುರದವರು, ಭೂತಾನ್ ಮತ್ತು ಮಾಲ್ದೀವ್ಸ್‌ನಿಂದ ಬಂದ ಕೆಡೆಟ್‌ಗಳು ಎಲ್ಲರೂ ಆ ಮೈದಾನದಲ್ಲೇ ಹಿಂದಿ ಕಲಿಯುತ್ತಾರೆ. ಆ ಮೈದಾನಕ್ಕೆ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರ ಹೆಸರಿದೆ. ಇದೇ ಸಂಸ್ಥೆಯಲ್ಲಿ ತರಬೇತಿ ಪಡೆದು, 1987ರಲ್ಲಿ ಶ್ರೀಲಂಕಾದಲ್ಲಿ ಮಡಿದು, ಪರಮವೀರ ಚಕ್ರ ಪಡೆದವರು. ಮುಂದೆ ನೀವು ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನಂಥ ದಕ್ಷಿಣದ ಜವಾನರಿರುವ ಪಡೆಗೆ ಹೋದರೆ ನಿಮ್ಮ ಕನ್ನಡಕ್ಕೂ ಕೆಲಸ ಸಿಗುತ್ತದೆ, ಅದು ಬೇರೆ ಮಾತು.

ರಗಡಾ ಎಂಬ ಪದ ಕೇಳಿರಬಹುದು. ಮೈ ದಂಡಿಸುವ ಶಿಕ್ಷೆ: ಉರುಳುವುದು, ಓಡುವುದು, ಮತ್ತೆ ಉರುಳುವುದು. ಒಬ್ಬನ ಬೂಟು ಹೊಳೆಯದಿದ್ದರೆ ಇಡೀ ಪ್ಲಟೂನ್ ಉರುಳುತ್ತದೆ. ಇದರ ಬಗ್ಗೆ ಅಂತರ್ಜಾಲದಲ್ಲಿ ಬೇಕಾದಷ್ಟು ಶೌರ್ಯಗಾಥೆಗಳಿವೆ, ಅರ್ಧ ಉತ್ಪ್ರೇಕ್ಷೆ. ಇದಕ್ಕೆ ಮನೆಯಲ್ಲಿ ತಯಾರಿ ಎಂಬುದು ಇಲ್ಲ. ಆದರೆ ನೋವನ್ನು ಮುಚ್ಚಿಡುವ ಹುಚ್ಚು ಧೈರ್ಯ ಬೇಡ. ಎಂಐ ರೂಮಿಗೆ (ಅಕಾಡೆಮಿಯ ಚಿಕಿತ್ಸಾ ಕೊಠಡಿ) ಹೋಗಿ ತೋರಿಸಿಕೊಂಡರೆ ಒಂದೆರಡು ದಿನ ಪಿಟಿ ತಪ್ಪುತ್ತದೆ, ಯಾರೋ ಒಂದಿಬ್ಬರು ನಗುತ್ತಾರೆ. ನಗಲಿ ಬಿಡಿ. ಮುಚ್ಚಿಟ್ಟರೆ ಆರು ತಿಂಗಳು ತಪ್ಪುತ್ತದೆ.

ಮನೆಯ ಕೆಲಸಗಳನ್ನು ಈಗಲೇ ಮುಗಿಸಿ. ಮೊದಲ ವಾರಗಳಲ್ಲಿ ಮೊಬೈಲ್ ಕೈಗೆ ಸಿಗುವುದು ಕಷ್ಟ ಎಂದು ತಂದೆತಾಯಿಗೆ ಮುಂಚೆಯೇ ಹೇಳಿಡಿ, ಇಲ್ಲವಾದರೆ ಅವರಿಗೆ ನಿದ್ದೆ ಬರುವುದಿಲ್ಲ. ಅಪ್ಪನ ಕರೆಂಟ್ ಬಿಲ್ಲನ್ನು ಇಷ್ಟು ದಿನ ನಿಮ್ಮ ಫೋನಿನಿಂದಲೇ ಕಟ್ಟುತ್ತಿದ್ದರೆ ಆ ಜವಾಬ್ದಾರಿಯನ್ನು ಬೇರೆಯವರಿಗೆ ಒಪ್ಪಿಸಿ. ತರಬೇತಿ ಮುಗಿಯುವವರೆಗೆ ಮದುವೆಯಾಗುವಂತಿಲ್ಲ, ಮದುವೆಯಾದರೆ ಕೋರ್ಸಿನಿಂದ ಹೊರಹಾಕುತ್ತಾರೆ. ಜಾತಕ ಹಿಡಿದು ಬರುವ ಸೋದರಮಾವನಿಗೆ ಇದನ್ನು ನೇರವಾಗಿ ತಿಳಿಸಿ. ನಡುವೆ ಸ್ವಂತ ಇಚ್ಛೆಯಿಂದ ಬಿಟ್ಟು ಬಂದರೆ ತರಬೇತಿಯ ವೆಚ್ಚ ಕಟ್ಟಬೇಕಾಗುತ್ತದೆ ಎಂಬುದೂ ಮನೆಯವರಿಗೆ ಗೊತ್ತಿರಲಿ.

ಕೊನೆಯದಾಗಿ ಪದವಿ ಪತ್ರ. ಕೊನೆಯ ಸೆಮಿಸ್ಟರಿನ ಫಲಿತಾಂಶ ತಡವಾಗಿದ್ದರೆ ಇದೇ ನಿಮ್ಮ ದೊಡ್ಡ ತಲೆನೋವು. ತರಬೇತಿ ಆರಂಭವಾದ 12 ವಾರಗಳೊಳಗೆ ಪದವಿ ಪ್ರಮಾಣಪತ್ರ ಸಲ್ಲಿಸಬೇಕು ಎಂಬ ಷರತ್ತು ಸಾಮಾನ್ಯವಾಗಿ ಪ್ರಕಟಣೆಯಲ್ಲಿರುತ್ತದೆ. ನೀವು ಪೆರೇಡ್ ಮೈದಾನದಲ್ಲಿದ್ದುಕೊಂಡು ವಿಶ್ವವಿದ್ಯಾಲಯದ ಕೌಂಟರ್ ಮುಂದೆ ಸರತಿಯಲ್ಲಿ ನಿಲ್ಲಲಾರಿರಿ. ತಾತ್ಕಾಲಿಕ ಪದವಿ ಪ್ರಮಾಣಪತ್ರ, ಎಲ್ಲ ಸೆಮಿಸ್ಟರುಗಳ ಅಂಕಪಟ್ಟಿ, ಸಿಜಿಪಿಎಯನ್ನು ಶೇಕಡಾವಾರಿಗೆ ಬದಲಿಸಿದ ಪತ್ರ ಇವನ್ನು ಈ ವಾರವೇ ಅರ್ಜಿ ಹಾಕಿ ಪಡೆಯಿರಿ. ಸಿಗದಿದ್ದರೆ ನಿಮ್ಮ ಪರವಾಗಿ ಪಡೆಯಲು ತಮ್ಮನಿಗೋ ಗೆಳೆಯನಿಗೋ ಒಪ್ಪಿಗೆ ಪತ್ರ ಬರೆದುಕೊಟ್ಟು, ಆಧಾರ್ ಪ್ರತಿಯನ್ನೂ ಜೊತೆಗಿಟ್ಟು ಹೊರಡಿ.