ಕಮಾಂಡರನನ್ನು ಶರಣಾಗತಿಗೆ ದೂಡಿದರೆ

‘ಸೋಲು ಖಚಿತವಾದಾಗ, ಶರಣಾಗೋಣವೆಂದು ಸೈನಿಕರು ತಮ್ಮ ಕಮಾಂಡರನಿಗೆ ಹೇಳುವುದೂ ಅಮೆರಿಕದ ಸೇನೆಯಲ್ಲಿ ಮರಣದಂಡನೆಗೆ ಅರ್ಹವಾದ ಅಪರಾಧವೇ? ಹಾಗಿದ್ದರೆ ನಿಜ ಹೇಳುವವರಾರು?’ ಎಂದು ಓದುಗರೊಬ್ಬರು ಕೇಳಿದ್ದಾರೆ.

ಹೇಳಿದ ಮಾತ್ರಕ್ಕೆ ಅಪರಾಧವಾಗುವುದಿಲ್ಲ. ಅಲ್ಲಿನ ಏಕರೂಪ ಸೇನಾ ನ್ಯಾಯ ಸಂಹಿತೆಯ 100ನೆಯ ವಿಧಿಯು, ನೆಲೆಯನ್ನಾಗಲಿ ನೌಕೆಯನ್ನಾಗಲಿ ಪಡೆಯನ್ನಾಗಲಿ ಶತ್ರುವಿಗೆ ಒಪ್ಪಿಸುವಂತೆ ಅಥವಾ ತೊರೆಯುವಂತೆ ಕಮಾಂಡರನನ್ನು ಬಲವಂತಪಡಿಸುವುದನ್ನು, ಅದಕ್ಕೆ ಯತ್ನಿಸುವುದನ್ನು ಮತ್ತು ಅಧಿಕಾರವಿಲ್ಲದೆ ಶತ್ರುವಿನೆದುರು, ಶರಣಾಗತಿಯ ಗುರುತಾಗಿ, ಧ್ವಜ ಇಳಿಸುವುದನ್ನು ಅಪರಾಧವೆಂದು ಪರಿಗಣಿಸುತ್ತದೆ. ಮರಣದಂಡನೆ ಗರಿಷ್ಠ ಶಿಕ್ಷೆಯಷ್ಟೆ. ಕೋರ್ಟ್ ಮಾರ್ಷಲ್ ಬೇರೆ ಶಿಕ್ಷೆಯನ್ನೂ ವಿಧಿಸಬಹುದು.

ಇಲ್ಲಿ ಮುಖ್ಯವಾದುದು, ಬಲವಂತವು ಬರಿಯ ಮಾತಿನದಾಗಿದ್ದರೆ ಸಾಲದು, ಕೃತ್ಯದಲ್ಲಿ ಕಾಣಬೇಕು ಎಂಬ ವಿವರಣೆ. ಮದ್ದುಗುಂಡು ಮುಗಿಯುತ್ತಿದೆ, ನೆಲೆ ಇನ್ನು ನಿಲ್ಲದು ಎಂದು ಕಮಾಂಡರನ ಮುಖಕ್ಕೇ ಹೇಳುವ ಸಾರ್ಜೆಂಟ್ ತನ್ನ ಕರ್ತವ್ಯವನ್ನೇ ಮಾಡುತ್ತಿದ್ದಾನೆ. ಅವನೇ ಉಳಿದ ಮದ್ದುಗುಂಡನ್ನು ನಾಶಮಾಡಿ, ಶರಣಾಗದೆ ಗತ್ಯಂತರವಿಲ್ಲದಂತೆ ಮಾಡಿದರೆ ಗೆರೆ ದಾಟಿದಂತೆ. ದಂಗೆಯ ಹಲವು ಪ್ರಕರಣಗಳಲ್ಲಿರುವಂತೆ ಇದಕ್ಕೆ ಗುಂಪು ಕೂಡಬೇಕಿಲ್ಲ, ಒಬ್ಬನೇ ಸಾಕು. ನೆಲೆ ಕೈಬಿಟ್ಟರಷ್ಟೇ ಬಲವಂತದ ಅಪರಾಧ ಪೂರ್ಣವಾಗುತ್ತದೆ; ಕೈಬಿಡದಿದ್ದರೂ ಯತ್ನಕ್ಕೆ ಶಿಕ್ಷೆಯಿದೆ.

ಅಮೆರಿಕದ ಉತ್ತರ-ದಕ್ಷಿಣ ರಾಜ್ಯಗಳ ನಡುವಣ ಅಂತರ್ಯುದ್ಧದ ಕಾಲದ ಜಾಕ್ಸನ್ ಕೋಟೆಯ ಘಟನೆ ಇದನ್ನು ಸ್ಪಷ್ಟಪಡಿಸುತ್ತದೆ. ಮಿಸಿಸಿಪ್ಪಿ ನದಿಯ ದಂಡೆಯಲ್ಲಿ ದಕ್ಷಿಣದವರ ವಶದಲ್ಲಿದ್ದ ಆ ಕೋಟೆ ಹಲವು ದಿನಗಳ ಫಿರಂಗಿ ದಾಳಿಯನ್ನು ತಾಳಿಕೊಂಡಿತ್ತು. ಆದರೆ ಶತ್ರು ನೌಕೆಗಳು ಅದನ್ನು ದಾಟಿ ನ್ಯೂ ಆರ್ಲಿಯನ್ಸ್ ತಲುಪಿದ ಮೇಲೆ, 1862ರ ಏಪ್ರಿಲ್ 27ರ ರಾತ್ರಿ, ಒಳಗಿದ್ದ ದಕ್ಷಿಣದ ಸೈನಿಕರೇ ದಂಗೆಯೆದ್ದು, ಫಿರಂಗಿಗಳ ಕಿಡಿ ತಾಕಿಸುವ ತೂತುಗಳಿಗೆ ಮೊಳೆ ಜಡಿದು ಅವನ್ನು ನಿರುಪಯುಕ್ತಗೊಳಿಸಿ, ಅನೇಕರು ಹೊರಟೇಹೋದರು. ಮರುದಿನ ಅಲ್ಲಿನ ಕಮಾಂಡರ್ ಜನರಲ್ ಡಂಕನ್ ಕೋಟೆ ಒಪ್ಪಿಸಬೇಕಾಯಿತು. ಆ ಮೊಳೆಗಳು ಸಲಹೆಯಲ್ಲ. ತೀರ್ಮಾನ ಕಮಾಂಡರನ ಕೈಯಿಂದ ಆ ರಾತ್ರಿಯೇ ಜಾರಿತ್ತು. ಅಮೆರಿಕದ 1806ರ ಸೇನಾ ನಿಯಮಗಳಲ್ಲೂ ಇಂಥ ಕೃತ್ಯಕ್ಕೆ ಮರಣದಂಡನೆಯಿತ್ತು.

ಇನ್ನು, ಕಾನೂನು ಕುರುಡಾಗಿಯೂ ಇಲ್ಲ. ಕಾದಾಟ ವ್ಯರ್ಥವಾಗಿ, ಮೇಲಧಿಕಾರಿಗಳನ್ನು ಸಂಪರ್ಕಿಸುವುದೂ ಅಸಾಧ್ಯವಾದರೆ, ಆ ಸನ್ನಿವೇಶವೇ ಶರಣಾಗತಿಗೆ ಅಧಿಕಾರವಾಗುತ್ತದೆ; ಧ್ವಜ ಇಳಿಸಿದವನಿಗೆ ಅದೇ ಸಮರ್ಥನೆ.

ನಿಮ್ಮ ಆತಂಕ ನಿಜಕ್ಕೂ ಹೆಚ್ಚು ಸಲ್ಲುವುದು, ನನ್ನ ಅಭಿಪ್ರಾಯದಲ್ಲಿ, ನಮ್ಮದೇ 1950ರ ಸೇನಾ ಕಾಯ್ದೆಗೆ. ಅದರ 34ನೆಯ ಸೆಕ್ಷನ್ ಕಮಾಂಡರನನ್ನು ಬಲವಂತಪಡಿಸುವುದರ ಜೊತೆಗೆ ಪ್ರೇರೇಪಿಸುವುದನ್ನೂ ಹೆಸರಿಸುತ್ತದೆ. ಪ್ರೇರಣೆಗೆ ಮಾತೂ ಸಾಕಾದೀತು. ಆದರೆ ಹಾಗೆ ಪ್ರೇರೇಪಿಸಿದ ಕೃತ್ಯ, ನೆಲೆಯನ್ನು ‘ನಾಚಿಕೆಗೇಡಿತನದಿಂದ’ ಬಿಟ್ಟುಕೊಡುವುದೇ ಆಗಿರಬೇಕು. ಆ ಒಂದು ವಿಶೇಷಣವೇ ಪ್ರಾಮಾಣಿಕ ಸಾರ್ಜೆಂಟನಿಗಿರುವ ರಕ್ಷಣೆ.

— ಸಂಪಾದಕ