ಮನೆಮಂದಿ ಜೊತೆ ಸ್ಕೂಬಾ: ಆರು ಮೀಟರ್ ಆಳ ಸಾಕು

ಮುರ್ಡೇಶ್ವರದ ಬೋಟಿನಲ್ಲಿ ಜನರನ್ನು ಸ್ಕೂಬಾಕ್ಕೆ, ಅಂದರೆ ಸಿಲಿಂಡರಿನ ಗಾಳಿ ಉಸಿರಾಡುತ್ತಾ ನೀರೊಳಗೆ ಸುತ್ತುವುದಕ್ಕೆ, ಇಳಿಸುವುದೇ ನನ್ನ ಕೆಲಸ. ರಜೆ ಹತ್ತಿರ ಬಂತು ಅಂದರೆ ಪತ್ರಗಳೂ ಅದರದ್ದೇ. ಈ ಸಲದವು ಇಲ್ಲಿವೆ.

ಪ್ರಶ್ನೆ: ಡಿಸೆಂಬರ್‌ನಲ್ಲಿ 6 ದಿನ ಅಂಡಮಾನ್‌ಗೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು (48 ವರ್ಷ, ಬಿಪಿ ಮಾತ್ರೆ ತಗೋತಾರೆ), 11ರ ಮಗಳು, 8ರ ಮಗ, ಜೊತೆಗೆ ಅತ್ತೆ. ಯಾರಿಗೂ ಈಜು ಬರೋದಿಲ್ಲ. ಎಲ್ಲರೂ ಸೇರಿ ಸ್ಕೂಬಾ ಮಾಡಬಹುದಾ? ಯಾವ ದಿನ ಇಟ್ಟುಕೊಳ್ಳೋದು? (ಶಿರಸಿಯಿಂದ ಒಬ್ಬ ತಾಯಿ)

ಎಲ್ಲರೂ ಸೇರಿ ಆಗುವುದಿಲ್ಲ. ಈಜು ಬರದಿರುವುದು ಅದಕ್ಕೆ ಕಾರಣವಲ್ಲ. ಮೊದಲ ಸಲ ಇಳಿಯುವವರ ಡೈವ್‌ನಲ್ಲಿ ಇನ್‌ಸ್ಟ್ರಕ್ಟರ್ ನಿಮ್ಮ ಸಿಲಿಂಡರ್ ಹಿಡಿದುಕೊಂಡೇ ಇರುತ್ತಾರೆ. ಅಡ್ಡ ಬರುವುದು ವಯಸ್ಸು. ಕಡಲಿನಲ್ಲಿ ಸ್ಕೂಬಾ ಮಾಡಿಸಲು 10 ವರ್ಷ ತುಂಬಿರಬೇಕು. ಹಾಗಾಗಿ ಮಗಳು ಇಳಿಯಬಹುದು, ಮಗ ಇಲ್ಲ. 8 ವರ್ಷದವರಿಗೆ ಈಜುಕೊಳದಲ್ಲಿ, 2 ಮೀಟರ್‌ಗಿಂತ ಆಳವಿಲ್ಲದ ಕಡೆ ಮಾಡಿಸುವುದುಂಟು. 'ಹುಡುಗ ಗಟ್ಟಿ ಇದ್ದಾನೆ, ಹತ್ತು ಅಂತ ಬರೆದುಬಿಡಿ' ಅನ್ನುವ ಅಪ್ಪಂದಿರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಯಾರಾದರೂ ಅದಕ್ಕೆ ಹೂಂ ಅಂದರೆ ಆ ಬೋಟು ಹತ್ತಬೇಡಿ. ಮಗನಿಗೆ ಲೈಫ್ ಜಾಕೆಟ್ ಹಾಕಿ ಹ್ಯಾವ್‌ಲಾಕ್ ದ್ವೀಪದ ಎಲಿಫೆಂಟ್ ಬೀಚ್‌ನಲ್ಲಿ ಸ್ನಾರ್ಕ್‌ಲಿಂಗ್ (ಮೇಲೇ ತೇಲುತ್ತಾ, ಕೊಳವೆಯಲ್ಲಿ ಉಸಿರಾಡುತ್ತಾ ಕೆಳಗೆ ನೋಡುವುದು) ಮಾಡಿಸಿ. ಹವಳ ದಡದ ಹತ್ತಿರವೇ ಇದೆ. ಅತ್ತೆಯವರಿಗೆ ನೀಲ್ ದ್ವೀಪದ ಭರತ್‌ಪುರ ಬೀಚ್‌ನಲ್ಲಿ ಗಾಜಿನ ತಳದ ದೋಣಿ ಇದೆ. ಸೀರೆಯ ಅಂಚೂ ಒದ್ದೆಯಾಗದೆ ಮೀನು ನೋಡಬಹುದು. ನೀವು, ಯಜಮಾನರು ಒಟ್ಟಿಗೆ ಇಳಿಯಬೇಡಿ. ಒಬ್ಬರು ಮಗನ ಹತ್ತಿರ ದಡದಲ್ಲಿರಿ.

ಇನ್ನು ಯಜಮಾನರ ಬಿಪಿ. ಇಳಿಯುವ ಮೊದಲು ಆರೋಗ್ಯದ ಫಾರ್ಮ್ ಒಂದು ಕೊಡುತ್ತಾರೆ. 45 ದಾಟಿದವರಿಗೆ ಬಿಪಿ ಇದ್ದರೆ ಡಾಕ್ಟರ್ ಸಹಿ ಬೇಕು. ಜನ ಏನು ಮಾಡುತ್ತಾರೆ ಗೊತ್ತಾ? ಬೀಚ್‌ನಲ್ಲಿ ನಿಂತು ಎಲ್ಲದಕ್ಕೂ 'ಇಲ್ಲ' ಅಂತ ಬರೆದು ಕೊಟ್ಟುಬಿಡುತ್ತಾರೆ. ಅದು ಬೇಡ. ಫಾರ್ಮ್ ಮೊದಲೇ ತರಿಸಿಕೊಂಡು ಶಿರಸಿಯಲ್ಲೇ ನಿಮ್ಮ ಡಾಕ್ಟರಿಗೆ ತೋರಿಸಿ. ದ್ವೀಪಕ್ಕೆ ಹೋದಮೇಲೆ ಡಾಕ್ಟರ್ ಹುಡುಕುತ್ತಾ ಕೂತರೆ ರಜೆಯ ಒಂದು ದಿನ ಹೋಯಿತು ಅಂತಲೇ ಲೆಕ್ಕ. ಅಸ್ತಮಾ, ಮೂರ್ಛೆರೋಗ, ಹೃದಯದ ತೊಂದರೆ ಇದ್ದವರಿಗೂ, ಕಿವಿಯ ಆಪರೇಷನ್ ಆದವರಿಗೂ ಇದೇ ಮಾತು. ಬಸುರಿಯರು ಇಳಿಯುವ ಹಾಗೇ ಇಲ್ಲ.

ದಿನ? ಮೂರನೆಯ ದಿನ ಬೆಳಗ್ಗೆ. ಮೊದಲ ದಿನ ಪೋರ್ಟ್ ಬ್ಲೇರ್ (ಈಗ ಶ್ರೀ ವಿಜಯಪುರಂ), ಸೆಲ್ಯುಲಾರ್ ಜೈಲು. ಎರಡನೆಯ ದಿನ ಹಡಗಿನಲ್ಲಿ ಹ್ಯಾವ್‌ಲಾಕ್. 2018ರಿಂದ ಅದರ ಹೆಸರು ಸ್ವರಾಜ್ ದ್ವೀಪ, ಆದರೆ ಜನರ ಬಾಯಲ್ಲಿ ಇನ್ನೂ ಹ್ಯಾವ್‌ಲಾಕೇ. ಆ ದಿನ ಸುಮ್ನೆ ಇರಿ. ಚೆನ್ನಾಗಿ ನಿದ್ದೆ ಮಾಡಿ. ಮೂರನೆಯ ದಿನ ಗಾಳಿಯೆದ್ದರೆ, ಇಲ್ಲವೇ ಮಗಳಿಗೆ ನೆಗಡಿಯಾದರೆ ನಾಲ್ಕನೆಯ ದಿನ ಕೈಯಲ್ಲಿರುತ್ತದೆ. ಕೊನೆಯ ದಿನಕ್ಕೆ ಇಟ್ಟುಕೊಳ್ಳುವವರೇ ಜಾಸ್ತಿ, ಅದೇ ತಪ್ಪು. ಒಂದು ಡೈವ್ ಆದಮೇಲೆ ವಿಮಾನ ಹತ್ತಲು ಕಡಿಮೆಯೆಂದರೂ 12 ಗಂಟೆ ಬಿಡಬೇಕು. ಒಂದಕ್ಕಿಂತ ಹೆಚ್ಚಾದರೆ 18. ಬೇಗ ಏಳುವುದು ಅಲ್ಲಿ ಕಷ್ಟವಲ್ಲ. ಅಂಡಮಾನ್ ಅಷ್ಟು ಪೂರ್ವಕ್ಕಿರುವುದರಿಂದ ಐದಕ್ಕೆಲ್ಲ ಬೆಳಕು ಹರಿಯತೊಡಗುತ್ತದೆ.

ನಿಮ್ಮಂಥವರಿಗೆ ಹ್ಯಾವ್‌ಲಾಕ್‌ನಲ್ಲಿ ನೀಮೋ ರೀಫ್ ಅನ್ನುವ ಹವಳದ ಜಾಗ ಸರಿ. ಬೋಟು ಬೇಡ, ದಡದಿಂದಲೇ ನಡೆದು ಇಳಿಯುವುದು. ಮೊದಲ ಸಲದವರನ್ನು 12 ಮೀಟರ್‌ವರೆಗೆ ಒಯ್ಯಲು ಅವಕಾಶವಿದೆ, ಆದರೆ ಅಷ್ಟು ಆಳ ಕೇಳಬೇಡಿ. 5–6 ಮೀಟರ್ ಸಾಕು. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. ಕೆಳಗೆ ಹೋದಷ್ಟೂ ಎಲ್ಲವೂ ನೀಲಿ-ಬೂದಿ. ಬಣ್ಣದ ಹವಳ, ಬಣ್ಣದ ಮೀನು ನೋಡಬೇಕಾದರೆ ಮೇಲಿನ ನೀರೇ ಚೆಂದ. 10 ಮೀಟರ್‌ನಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಸಿಲಿಂಡರಿನ ಗಾಳಿಯೂ ಅಷ್ಟೇ ಬೇಗ ಖಾಲಿ. ಇಪ್ಪತ್ತು–ಇಪ್ಪತ್ತೈದು ನಿಮಿಷ ಆದಮೇಲೆ ಮಕ್ಕಳಿಗೆ ಹೇಗೂ ಚಳಿ ಹಿಡಿಯುತ್ತದೆ, ತುಟಿ ನೀಲಿಯಾಗುತ್ತದೆ. ಎರಡನೆಯ ಡೈವ್‌ಗೆ ರಿಯಾಯಿತಿ ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ.

ಮಗಳಿಗೆ ಮನೆಯಲ್ಲೇ ಕಲಿಸಬೇಕಾದ್ದು ಒಂದಿದೆ, ಕಿವಿ ಬಿಡಿಸುವುದು. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಬೇಕು. ಎರಡೂ ಕಿವಿಯಲ್ಲಿ ಟಕ್ ಅನ್ನುತ್ತದೆ. ನೀರಲ್ಲಿ ಇದನ್ನು ನೋವು ಶುರುವಾಗುವ ಮೊದಲೇ ಮಾಡಬೇಕು, ಒಂದೊಂದು ಮೀಟರಿಗೂ ಮಾಡಬೇಕು. ನಾನು ಮಕ್ಕಳನ್ನು ಹಗ್ಗ ಹಿಡಿಸಿ ಇಳಿಸುತ್ತೇನೆ. ಒಂದು ಹಿಡಿ ಕೆಳಗೆ, ಮೂಗು ಹಿಡಿ, ಊದು, ನನ್ನ ಕಣ್ಣು ನೋಡು, ಮತ್ತೆ ಒಂದು ಹಿಡಿ. ಕಿವಿ ಬಿಡದಿದ್ದರೆ ಅರ್ಧ ಮೀಟರ್ ಮೇಲೆ ಬಂದು ಮತ್ತೆ ಊದುವುದು. ಜೋರಾಗಿ ಊದುವುದು ಬೇಡವೇ ಬೇಡ. ನೆಗಡಿ ಇದ್ದರೆ ಅವತ್ತು ಡೈವ್ ಇಲ್ಲ, ದುಡ್ಡು ಕೊಟ್ಟಾಗಿದ್ದರೂ ಇಲ್ಲ. ಇನ್ನೊಂದು, ನೀರೊಳಗೆ ಉಸಿರು ಕಟ್ಟಿ ಹಿಡಿಯಬಾರದು. ಹಾಗೆ ಹಿಡಿದು ಮೇಲೆ ಬಂದರೆ ಗಾಳಿ ಹಿಗ್ಗಿ ಶ್ವಾಸಕೋಶಕ್ಕೆ ಪೆಟ್ಟಾಗುತ್ತದೆ. ಹೆಬ್ಬೆರಳು ಎತ್ತಿ ತೋರಿಸಿದರೆ 'ಸೂಪರ್' ಅಂತ ಅಲ್ಲ, 'ಮೇಲೆ ಹೋಗೋಣ' ಅಂತ. ಫೋಟೋಕ್ಕೆ ಹೆಬ್ಬೆರಳು ಎತ್ತಿ ಸೀದಾ ಮೇಲೆ ಬಂದವರು ಎಷ್ಟು ಜನ!

ಪ್ರಶ್ನೆ: ಶನಿವಾರ ರಾತ್ರಿ ಬಸ್ಸಿಗೆ ಬಂದು ಭಾನುವಾರ ಬೆಳಗ್ಗೆ ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಿ, ಸಂಜೆಯೇ ವಾಪಸ್ ಹೊರಡಬಹುದಾ ಅಕ್ಕಾ? (ಯಲ್ಲಾಪುರದ ಹುಡುಗ, ಈಗ ಬೆಂಗಳೂರಿನಲ್ಲಿ)

ತಮ್ಮಾ, ಘಟ್ಟ ಹತ್ತುವುದೂ ಎತ್ತರಕ್ಕೆ ಹೋಗುವುದೇ ಅಲ್ವಾ? ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆ. ನೀರಿನ ಒತ್ತಡದಲ್ಲಿ ಮೈಗೆ ಸೇರಿದ ನೈಟ್ರೋಜನ್ ಎತ್ತರಕ್ಕೆ ಹೋಗುವ ಮೊದಲು ಮೆಲ್ಲಗೆ ಹೊರಗೆ ಹೋಗಬೇಕು. ವಿಮಾನಕ್ಕೆ ಹೇಳಿದ ಲೆಕ್ಕವನ್ನೇ ಇಲ್ಲಿಗೂ ಇಟ್ಟುಕೋ. ಒಂದೇ ಡೈವ್, ಹನ್ನೊಂದಕ್ಕೆ ಮುಗಿಯಿತು ಅಂದರೆ ರಾತ್ರಿ ಹನ್ನೊಂದರ ನಂತರ ಘಟ್ಟ ಹತ್ತುವ ಬಸ್ಸಾದರೆ ಸರಿ. ಸಂಜೆಯದ್ದು ಬೇಡ.

ನನಗೆ ಅದಕ್ಕಿಂತ ಚಿಂತೆ ಶನಿವಾರದ ಬಸ್ಸಿನದ್ದು. ನೇತ್ರಾಣಿ ದಡದಿಂದ ಸುಮಾರು 19 ಕಿಲೋಮೀಟರ್. ಬೋಟಿನಲ್ಲಿ ಒಂದು ಗಂಟೆಗೂ ಜಾಸ್ತಿ. ರಾತ್ರಿಯಿಡೀ ನಿದ್ದೆಗೆಟ್ಟು ಬಂದು, ಬಿಸಿಬಿಸಿ ಬನ್ಸ್ ನಾಲ್ಕು ತಿಂದು ಬೋಟು ಹತ್ತಿದವರ ಪಾಡು ಕೇಳಬೇಡ. ಶುಕ್ರವಾರವೇ ಬಾ. ಶನಿವಾರ ಡೈವ್ ಮಾಡು. ಬೆಳಗ್ಗೆ ಎರಡು ಇಡ್ಲಿ ಸಾಕು. ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ. ವಾಂತಿ ಮಾತ್ರೆ ಬೇಕಿದ್ದರೆ ಡಾಕ್ಟರನ್ನು ಕೇಳಿ ಬೋಟು ಹತ್ತುವುದಕ್ಕೆ ಮೊದಲೇ ತಗೋ. ವಾಕರಿಕೆ ಶುರುವಾದಮೇಲೆ ನುಂಗಿದರೆ ಮಾತ್ರೆಯೂ ಕಡಲಿಗೇ. ಕೆಲವು ಮಾತ್ರೆಗಳು ನಿದ್ದೆ ಬರಿಸುತ್ತವೆ, ಡೈವ್ ಮಾಡುತ್ತೇನೆ ಅಂತ ಡಾಕ್ಟರಿಗೆ ಹೇಳು. ಹಿಂದಿನ ರಾತ್ರಿಯ ಬಿಯರ್ ಬಗ್ಗೆ ನಾನು ಬಾಯಿ ಬಿಟ್ಟು ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಕಾರವಾರದ ಕಡಲು ಕಣ್ಣೆದುರೇ ಇರುವಾಗ ಮುರ್ಡೇಶ್ವರದವರೆಗೆ ಯಾಕೆ ಬರಬೇಕು? (ಕಾರವಾರ)

ಕಾಳಿ ನದಿಯನ್ನು ಕೇಳಿ! ಅದು ಕೋಡಿಬಾಗದ ಹತ್ತಿರ ಕಡಲಿಗೆ ಸೇರುತ್ತದೆ, ಜೊತೆಗೆ ಮಣ್ಣನ್ನೂ ತರುತ್ತದೆ. ದಡದ ಹತ್ತಿರದ ನೀರು ಕದಡಿದ್ದರೆ ನಿಮ್ಮ ಕೈಯೇ ನಿಮಗೆ ಕಾಣುವುದಿಲ್ಲ. ಅಂಕೋಲೆಯಲ್ಲಿ ಗಂಗಾವಳಿ, ಕುಮಟೆಯಲ್ಲಿ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ, ಎಲ್ಲವೂ ಅದೇ ಕೆಲಸ ಮಾಡುವವೇ. ನೇತ್ರಾಣಿ ಇವುಗಳ ಬಾಯಿಂದ ದೂರ ಇದೆ, ಸುತ್ತ ಬಂಡೆ, ಆಳದ ನೀರು. ಗಿಳಿಮೀನು, ಚಿಟ್ಟೆಮೀನು, ಬಂಡೆಯ ಸಂದಿಯಿಂದ ಬಾಯಿ ತೆರೆದು ನೋಡುವ ಮೋರೆ ಈಲ್ ಅನ್ನುವ ಹಾವಿನಂಥ ಮೀನು, ಅದೃಷ್ಟವಿದ್ದರೆ ಕಡಲಾಮೆ. ತಲೆಯ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು. ಬೋಟಿನವರು ದ್ವೀಪದ ಮೇಲೆ ಇಳಿಸುವುದಿಲ್ಲ, ಕೇಳಲೂಬೇಡಿ.

ಮಳೆಗಾಲದಲ್ಲಿ ಬೋಟು ಹೊರಡುವುದಿಲ್ಲ. ಅಕ್ಟೋಬರ್‌ನಿಂದ ಮೇವರೆಗೆ ನಡೆಯುತ್ತದೆ, ನನ್ನ ಕೇಳಿದರೆ ಡಿಸೆಂಬರ್–ಜನವರಿಯ ಬೆಳಗ್ಗೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಎದ್ದರೆ ತೆರೆಗಳೂ ಏಳುತ್ತವೆ. ಗಾಳಿ ಜಾಸ್ತಿ ಅಂತ ಬೋಟಿನವರು ಆ ದಿನದ ಡೈವ್ ರದ್ದು ಮಾಡಿದರೆ ಜಗಳಕ್ಕೆ ನಿಲ್ಲಬೇಡಿ. ಅವರಿಗೂ ಅವತ್ತಿನ ದುಡಿಮೆ ಹೋಗಿರುತ್ತದೆ.

ಪ್ರಶ್ನೆ: ನನಗೆ ಚಷ್ಮಾ ಇದೆ. ಮೀಸೆಯೂ ಇದೆ. ಮಾಸ್ಕ್ ಕೂರುತ್ತದಾ? (ಸಿದ್ದಾಪುರದ ಮೇಷ್ಟ್ರು)

ಚಷ್ಮಾ ತೆಗೆಯಬೇಕು ಸರ್. ಕಡ್ಡಿ ಅಡ್ಡ ಬಂದು ನೀರು ಒಳಗೆ ಬರುತ್ತದೆ. ನಂಬರ್ ಕಡಿಮೆಯಿದ್ದರೆ ಹಾಗೆಯೇ ಇಳಿಯಿರಿ, ನೀರೊಳಗೆ ಎಲ್ಲವೂ ಹತ್ತಿರ, ದೊಡ್ಡದಾಗಿ ಕಾಣುತ್ತದೆ. ಜಾಸ್ತಿಯಿದ್ದರೆ ನಂಬರಿನ ಮಾಸ್ಕ್ ಇದೆಯಾ ಅಂತ ಬುಕ್ ಮಾಡುವಾಗಲೇ ಕೇಳಿ. ಮಾಸ್ಕನ್ನು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಎಳೆಯಿರಿ. ಕೈ ಬಿಟ್ಟರೂ ಬೀಳದಿದ್ದರೆ ಅದು ನಿಮ್ಮ ಅಳತೆ. ಮೀಸೆ ಇದ್ದರೆ ಸ್ವಲ್ಪ ಸೋರುತ್ತದೆ. ಮೀಸೆ ಬೋಳಿಸಿ ಅಂತ ಮೇಷ್ಟ್ರಿಗೆ ಹೇಳುವ ಧೈರ್ಯ ನನಗಿಲ್ಲ, ನೀರು ಹೊರಹಾಕುವುದನ್ನು ಕಲಿಸುತ್ತಾರೆ.

ಪ್ರಶ್ನೆ: ನೀರೊಳಗೆ ಸೀನು ಬಂದರೆ? (ಅಂಕೋಲೆ, 7ನೇ ತರಗತಿ)

ಸೀನು ಮರಿ. ಬಾಯಲ್ಲಿರುವ ರೆಗ್ಯುಲೇಟರ್ (ಸಿಲಿಂಡರಿನ ಗಾಳಿ ಬಾಯಿಗೆ ಕೊಡುವ ಸಾಧನ) ತೆಗೆಯದೆ ಸೀನಬಹುದು, ಕೆಮ್ಮಬಹುದು, ವಾಂತಿಯನ್ನೂ ಅದರೊಳಗೇ ಮಾಡಬಹುದು, ಹೊರಗೆ ಹೋಗುತ್ತದೆ. ಮೀನುಗಳು ಓಡಿ ಬಂದು ತಿನ್ನುತ್ತವೆ. ಇದನ್ನು ನಿನ್ನ ಕ್ಲಾಸಿನಲ್ಲಿ ಹೇಳು.