ತೋಟದ ಪ್ರಶ್ನೋತ್ತರ: ಸಸಿ ತರುವ ಮುಂಚೆ ನೆಲ ನೋಡಿ

ಪ್ರಶ್ನೆ: ಮೈಸೂರಿನಲ್ಲಿ ನಮ್ಮದು 40×60 ಸೈಟು, ಪೂರ್ವಕ್ಕೆ ಬಾಗಿಲು. ಮನೆ ಕಟ್ಟಿ ಮುಗಿದಿದೆ. ಹಿಂದುಗಡೆ, ಪಶ್ಚಿಮಕ್ಕೆ, 15 ಅಡಿ ಅಗಲ 40 ಅಡಿ ಉದ್ದದ ಜಾಗ ಬಿಟ್ಟಿದ್ದೇವೆ. ದಕ್ಷಿಣಕ್ಕೆ ಪಕ್ಕದವರ ಮೂರಂತಸ್ತಿನ ಮನೆ ಹಿಂದಿನ ಕಾಂಪೌಂಡಿನವರೆಗೂ ಬಂದಿದೆ. ನಮ್ಮ ಹಿಂದಿನ ಸೈಟು ಖಾಲಿ. ನಾಲ್ಕು ಲೋಡ್ ಕೆಂಪು ಮಣ್ಣು ಹೊಡೆಸಿ ಎರಡು ತೆಂಗು, ಒಂದು ಮಾವು, ಗುಲಾಬಿ, ಒಂದಿಷ್ಟು ತರಕಾರಿ ಹಾಕೋಣ ಅಂತಿದ್ದೇವೆ. ಮಳೆಗಾಲಕ್ಕೆ ಮುಂಚೆಯೇ ಶುರು ಮಾಡಬಹುದೆ?

ಉತ್ತರ: ಮಣ್ಣಿನ ಲೋಡ್ ಸದ್ಯಕ್ಕೆ ಬೇಡ ಅನ್ನಿ. ಹೊಸದಾಗಿ ಮನೆ ಕಟ್ಟಿದ ಜಾಗದಲ್ಲಿ ಕಣ್ಣಿಗೆ ಕಾಣುವ ಮಣ್ಣೇ ಬೇರೆ, ಬೇರಿಗೆ ಸಿಗುವ ಮಣ್ಣೇ ಬೇರೆ. ಮೊದಲು ಗೋಡೆಯ ಹತ್ತಿರ, ನಡುವೆ, ಕಾಂಪೌಂಡ್ ಮೂಲೆಯಲ್ಲಿ ಹೀಗೆ ಮೂರು ಕಡೆ ಎರಡಡಿ ಆಳದ ಗುಂಡಿ ತೆಗೆಸಿ. ಮೇಲೆ ನಾಲ್ಕೈದು ಇಂಚು ಕೆಂಪು ಮಣ್ಣು ಸಲೀಸಾಗಿ ಬರುತ್ತದೆ. ಆಮೇಲೆ ಇಟ್ಟಿಗೆ ಚೂರು, ಜಲ್ಲಿ, ಸಿಮೆಂಟ್ ಚೀಲದ ತುಂಡು. ಕಾಂಕ್ರೀಟ್ ಕಲಸಿದ ಕಡೆ ಹಾರೆ ಹಾಕಿದರೆ ಠಣ್ ಎನ್ನುತ್ತದೆ: ಬೂದಿ ಬಣ್ಣದ, ಒಂದೆರಡು ಇಂಚು ದಪ್ಪದ ಗಟ್ಟಿ ಹಪ್ಪಳ. ಅದರ ಚೂರಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ಬುಸ್ಸೆಂದು ನೊರೆ ಬಂದರೆ ಅಲ್ಲಿ ಸುಣ್ಣದ ಅಂಶ ಇದೆ ಎಂದೇ ಅರ್ಥ.

ಈ ಹಪ್ಪಳದ ಮೇಲೆ ಎಷ್ಟೇ ಒಳ್ಳೆಯ ಮಣ್ಣು ಹೊಡೆಸಿದರೂ ದುಡ್ಡು ದಂಡ. ಮಳೆ ನೀರು ಅದರ ಮೇಲೆ ನಿಂತು ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ಬೇರು ಕೆಳಗಿಳಿಯಲಾರದೆ ಗಿಡ ಬಾಡುತ್ತದೆ. ಸುಣ್ಣದಿಂದ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) 8 ದಾಟಿತೆಂದರೆ ಕಬ್ಬಿಣಾಂಶ ಮಣ್ಣಿನಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ. ಗುಲಾಬಿ, ದಾಸವಾಳ, ಕೇಪಳಗಳ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುವುದು ಇದರಿಂದಲೇ. ಎಷ್ಟೋ ಮಂದಿ ಇದನ್ನು ಗೊಬ್ಬರದ ಕೊರತೆ ಎಂದುಕೊಂಡು ಯೂರಿಯಾ ಹಾಕುತ್ತಾರೆ, ಗಿಡ ಸುಧಾರಿಸುವುದಿಲ್ಲ.

ಹಾಗಾಗಿ ಕಟ್ಟಡದ ಕಸ ಸಿಕ್ಕ ಆಳದವರೆಗೂ ಅಗೆಸಿ ತೆಗೆಸಿ. ನಿಮ್ಮ 600 ಚದರಡಿಯಲ್ಲಿ ಒಂದಡಿ ತೆಗೆದರೆ 600 ಘನ ಅಡಿ. ಟ್ರಾಕ್ಟರ್ ಟ್ರೇಲರಿಗೆ 80ರಿಂದ 100 ಘನ ಅಡಿ ಹಿಡಿಸುವುದರಿಂದ ಆರರಿಂದ ಎಂಟು ಲೋಡ್ ಹೊರಗೆ ಹೋಗಬೇಕು, ಅಷ್ಟೇ ಒಳಗೆ ಬರಬೇಕು. ನಾಲ್ಕು ಲೋಡಿನ ಲೆಕ್ಕ ತಪ್ಪುವುದು ಇಲ್ಲೇ. ತೆಗೆದ ಮೇಲೆ ತಳವನ್ನು ಪಿಕಾಸಿಯಿಂದ ಕೆದಕಿ ಸಡಿಲ ಮಾಡಿ. ಲಾರಿ ಓಡಾಡಿ, ಇಟ್ಟಿಗೆ ಪೇರಿಸಿಟ್ಟು ಅದು ದಮ್ಮಸು ಹಾಕಿದಂತಾಗಿರುತ್ತದೆ. ಹೊಸ ಮಣ್ಣಿನ ಜೊತೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡು ಇಂಚು ದಪ್ಪಕ್ಕೆ, ಅಂದರೆ 100 ಘನ ಅಡಿ, ಬೆರೆಸಿ. ಮಣ್ಣಿನ ಮಟ್ಟ ಮನೆಯ ಪ್ಲಿಂತಿಗಿಂತ ಅರ್ಧ ಅಡಿಯಾದರೂ ಕೆಳಗಿರಲಿ, ಇಲ್ಲವಾದರೆ ಗೋಡೆಗೆ ತೇವ ಹತ್ತುತ್ತದೆ.

ಇನ್ನು ಬಿಸಿಲು. ಡಿಸೆಂಬರಿನಲ್ಲಿ ಮೈಸೂರಿನ ಸೂರ್ಯ ನಡುಮಧ್ಯಾಹ್ನವೂ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ 10 ಅಡಿ ಗೋಡೆಗೆ ಉತ್ತರದಲ್ಲಿ ಸುಮಾರು 7 ಅಡಿ ನೆರಳು. ಪಕ್ಕದ ಮನೆ 33 ಅಡಿ ಎತ್ತರ ಇದ್ದು, ಕಾಂಪೌಂಡಿನಿಂದ 4 ಅಡಿ ಆಚೆ ಇದ್ದರೆ, 24 ಅಡಿ ನೆರಳಿನಲ್ಲಿ 20 ಅಡಿ ನಿಮ್ಮ ಜಾಗಕ್ಕೆ ಬಂತು. ಹಿತ್ತಲಿನ ಅರ್ಧ ಹೋಯಿತು! ಏಪ್ರಿಲ್ 22ರ ಆಸುಪಾಸಿಗೆ ಸೂರ್ಯ ನೆತ್ತಿಗೆ ಬಂದು, ಅಲ್ಲಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಹಗಲಲ್ಲಿ ಉತ್ತರಕ್ಕೇ ಇರುತ್ತಾನೆ. ಹಾಗಾಗಿ ಮೇ ತಿಂಗಳಲ್ಲಿ ನೋಡಿ ‘ಎಲ್ಲ ಕಡೆ ಬಿಸಿಲಿದೆ’ ಎಂದು ನಂಬಿದರೆ ಚಳಿಗಾಲದ ಟೊಮೆಟೊ ಕೈ ಕೊಡುತ್ತದೆ.

ಬೆಳಗಿನ ಬಿಸಿಲನ್ನು ನಿಮ್ಮ ಮನೆಯೇ ತಡೆಯುತ್ತದೆ. ಎರಡಂತಸ್ತಿದ್ದರೆ ಹಿಂದಿನ ಕಾಂಪೌಂಡಿನ ಬುಡಕ್ಕೆ ಬಿಸಿಲು ತಲುಪಲು ಹತ್ತು ಗಂಟೆ ಆದೀತು, ಮನೆ ಗೋಡೆಯ ಬುಡಕ್ಕೆ ಮಧ್ಯಾಹ್ನದ ಮೇಲೆ. ಪಶ್ಚಿಮದ ಖಾಲಿ ಸೈಟನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಅಲ್ಲೂ ಒಂದು ದಿನ ಮನೆ ಏಳುತ್ತದೆ. ಗ್ರಾಫ್ ಹಾಳೆಯಲ್ಲಿ ಒಂದು ಚೌಕಕ್ಕೆ ಒಂದು ಅಡಿ ಎಂದು ಹಿತ್ತಲು ಬರೆದುಕೊಳ್ಳಿ. ಬೆಳಗ್ಗೆ 8, 10, 12, 2, 4 ಗಂಟೆಗೆ ನೆರಳಿನ ಅಂಚಿಗೆ ರಂಗೋಲಿ ಪುಡಿ ಎಳೆದು ಅದನ್ನು ಹಾಳೆಗೆ ಇಳಿಸಿ. ಆರು ಗಂಟೆ ಬಿಸಿಲು ಬೀಳುವ ಚೌಕಗಳು ಟೊಮೆಟೊ, ಬದನೆ, ಗುಲಾಬಿಗೆ. ನಾಲ್ಕು ಗಂಟೆ ಸಿಕ್ಕರೆ ಸೊಪ್ಪು. ಅದಕ್ಕೂ ಕಡಿಮೆಯಾದರೆ ವೀಳ್ಯದೆಲೆ, ದೊಡ್ಡಪತ್ರೆ.

ಅದೇ ಹಾಳೆಯಲ್ಲಿ ಸಂಪು, ಒಳಚರಂಡಿ ಪೈಪು, ಚೇಂಬರ್, ಅರ್ಥಿಂಗ್ ಗುಂಡಿ, ತಲೆಯ ಮೇಲಿನ ವಿದ್ಯುತ್ ತಂತಿ ಎಲ್ಲ ಗುರುತಿಸಿ. ಮೇಸ್ತ್ರಿ ಮತ್ತು ಪ್ಲಂಬರ್‌ಗೆ ನೆನಪಿರುವಾಗಲೇ ಕೇಳಿಬಿಡಿ. ತೆಂಗಿಗೆ ಗಿಡದಿಂದ ಗಿಡಕ್ಕೆ 25 ಅಡಿ ಬೇಕು, ಸಾಮಾನ್ಯ ಮಾವಿಗೆ 30 ಅಡಿಗೂ ಹೆಚ್ಚು. ಅಗಲ 15 ಅಡಿಯ ಹಿತ್ತಲಿಗೆ ಇವೆರಡೂ ಹೊಂದುವುದಿಲ್ಲ, ತೆಂಗಿನ ಕಾಯಿ, ಗರಿ ಬೀಳುವುದೂ ನಿಮ್ಮ ಛಾವಣಿಗೇ. ಮಾವು ಬೇಕೇ ಬೇಕೆಂದರೆ ಗಿಡ್ಡ ಜಾತಿಯ ಆಮ್ರಪಾಲಿ ಒಂದನ್ನು ಬಿಸಿಲಿರುವ ಉತ್ತರದ ತುದಿಯಲ್ಲಿ ಹಾಕಿ, ಪ್ರತಿ ವರ್ಷ ಕೊಯ್ಲಾದ ಮೇಲೆ ಸವರಿ. ಜೊತೆಗೆ ಕರಿಬೇವು, ಒಂದು ನಿಂಬೆ ಸಾಕು.

ಪ್ರಶ್ನೆ: ಧಾರವಾಡದ ಹೊರವಲಯದಲ್ಲಿ ಹಿತ್ತಲು, ಎರೆ ಮಣ್ಣು. ಮಳೆ ಬಂದರೆ ಒಂದು ದಿನವಾದರೂ ನೀರು ನಿಲ್ಲುತ್ತದೆ. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕಿ ನೋಡಿದಾಗ ಮಾತ್ರ ಗಳಿಗೆಯಲ್ಲಿ ಇಂಗಿತು. ಯಾವುದನ್ನು ನಂಬಬೇಕು?

ಉತ್ತರ: ಮಳೆಗಾಲದ್ದನ್ನು ನಂಬಿ. ಒಣ ಎರೆ ಭೂಮಿ ಬಿರಿದಿರುತ್ತದೆ, ನೀವು ಸುರಿದ ನೀರು ಬಿರುಕಿನೊಳಗೆ ಹೋಯಿತೇ ಹೊರತು ಮಣ್ಣಿನೊಳಗೆ ಇಂಗಲಿಲ್ಲ. ನೆನೆದ ಮೇಲೆ ಜೇಡಿ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಒಂದಡಿ ಉದ್ದ, ಅಗಲ, ಆಳದ ಗುಂಡಿಯನ್ನು ಸಂಜೆ ತುಂಬಿಸಿ ರಾತ್ರಿಯಿಡೀ ನೆನೆಯಲು ಬಿಡಿ. ಬೆಳಗ್ಗೆ ಮತ್ತೆ ತುಂಬಿಸಿ, ಕೋಲಿಗೆ ಗುರುತು ಹಾಕಿ, ಗಂಟೆಗೊಮ್ಮೆ ಅಳೆಯಿರಿ. ಗಂಟೆಗೆ ಒಂದರಿಂದ ಮೂರು ಇಂಚು ಇಳಿದರೆ ಒಳ್ಳೆಯದು. ಒಂದು ಇಂಚಿಗೂ ಕಡಿಮೆ ಎಂದರೆ ಅಲ್ಲಿ ಪಪ್ಪಾಯಿ, ನಿಂಬೆ ನೇರವಾಗಿ ನೆಡಬೇಡಿ. ಪಪ್ಪಾಯಿಯ ಬುಡದಲ್ಲಿ ಒಂದೆರಡು ದಿನ ನೀರು ನಿಂತರೂ ಬುಡ ಕೊಳೆತು ಗಿಡ ಮಲಗುತ್ತದೆ.

ಒಂದಡಿ ಎತ್ತರದ ಏರುಮಡಿ ಮಾಡಿ, ಮಡಿಗಳ ನಡುವೆ ಬಸಿಗಾಲುವೆ ತೆಗೆಯಿರಿ. ಕಾಲುವೆಗೆ 100 ಅಡಿಗೆ ಒಂದಡಿ ಇಳಿಜಾರು ಸಾಕು. ಕಣ್ಣಂದಾಜು ಬೇಡ, ಗೌಂಡಿಗಳ ನೀರಿನ ಪೈಪಿನಿಂದ ಮಟ್ಟ ನೋಡಿ. ಕಾಲುವೆ ಪಕ್ಕದವರ ಹಿತ್ತಲಿಗೆ ಹೋಗದೆ ಚರಂಡಿಗೋ ಇಂಗುಗುಂಡಿಗೋ ಸೇರಬೇಕು. ಎರೆಗೆ ನಾಲ್ಕು ಬುಟ್ಟಿ ಮರಳು ಬೆರೆಸಿದರೆ ಸಡಿಲವಾಗುತ್ತದೆ ಎಂಬ ಮಾತು ಬಹಳ ಹಬ್ಬಿದೆ. ಅಷ್ಟು ಮರಳಿಗೆ ಏನೂ ಆಗುವುದಿಲ್ಲ, ಒಣಗಿದಾಗ ಇನ್ನೂ ಗಟ್ಟಿಯಾದೀತು. ವರ್ಷವರ್ಷವೂ ಗೊಬ್ಬರ, ಎಲೆಕಸ ಕೊಡುವುದೇ ದಾರಿ. ಪಿಎಚ್ 8.5 ದಾಟಿದೆ, ಸೋಡಿಯಂ ಹೆಚ್ಚಿದೆ ಎಂದು ಪರೀಕ್ಷೆಯಲ್ಲಿ ಬಂದರಷ್ಟೇ ಜಿಪ್ಸಂ.

ಪ್ರಶ್ನೆ: ಕೋಲಾರದಲ್ಲಿ ಹೊಸ ತೋಟಕ್ಕೆ ಮಣ್ಣು, ಬೋರ್‌ವೆಲ್ ನೀರು ಎರಡನ್ನೂ ಪರೀಕ್ಷೆ ಮಾಡಿಸಬೇಕು. ಮಾದರಿ ತೆಗೆಯುವುದು ಹೇಗೆ?

ಉತ್ತರ: ತರಕಾರಿ ಜಾಗವಾದರೆ ಎಂಟು ಹತ್ತು ಕಡೆ ಅಡ್ಡಾದಿಡ್ಡಿ ಓಡಾಡಿ, ಮೇಲಿನ ಕಸ ಸರಿಸಿ, ಇಂಗ್ಲಿಷಿನ ‘ವಿ’ ಆಕಾರದಲ್ಲಿ ಆರು ಇಂಚು ಅಗೆದು, ಗುಂಡಿಯ ಬದಿಯಿಂದ ಒಂದು ಇಂಚು ದಪ್ಪದ ಮಣ್ಣು ಕೆರೆದುಕೊಳ್ಳಿ. ಹಣ್ಣಿನ ಗಿಡಕ್ಕಾದರೆ ಒಂದು, ಎರಡು, ಮೂರು ಅಡಿ ಆಳದ ಮಣ್ಣನ್ನು ಬೇರೆ ಬೇರೆಯಾಗಿ ತೆಗೆಯಿರಿ. ತಿಪ್ಪೆಯ ಹತ್ತಿರ, ಬದುವಿನ ಮೇಲೆ, ಮರದ ಬುಡದಲ್ಲಿ ಬೇಡ. ಒಂದೇ ಆಳದ ಮಣ್ಣನ್ನೆಲ್ಲ ಬೆರೆಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಸಾಡಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೆಯೇ ಮಾಡಿ. ನೆರಳಲ್ಲಿ ಒಣಗಿಸಿ ಬಟ್ಟೆ ಚೀಲದಲ್ಲಿ ಕೊಡಿ. ರಸಗೊಬ್ಬರದ ಖಾಲಿ ಚೀಲದಲ್ಲಿ ತುಂಬಿದರೆ ಫಲಿತಾಂಶವೇ ಸುಳ್ಳಾಗುತ್ತದೆ. ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ನೀರಿಗೆ ಮೋಟರ್ ಹತ್ತು ಹದಿನೈದು ನಿಮಿಷ ಓಡಿದ ಮೇಲೆ ಅದೇ ನೀರಿನಲ್ಲಿ ಬಾಟಲಿ ತೊಳೆದು ಅರ್ಧ ಲೀಟರ್ ಹಿಡಿಯಿರಿ. ವರದಿಯಲ್ಲಿ ಮೊದಲು ಇಸಿ ನೋಡಿ, ಅಂದರೆ ನೀರಿನಲ್ಲಿ ಕರಗಿದ ಉಪ್ಪು ಎಷ್ಟೆಂದು ತೋರಿಸುವ ವಿದ್ಯುತ್ ವಾಹಕತೆ. ಮೀಟರಿಗೆ ಇಷ್ಟು ಡೆಸಿಸೀಮನ್ಸ್ ಎಂಬ ಲೆಕ್ಕದಲ್ಲಿ ಅದು 0.75ರ ಒಳಗಿದ್ದರೆ ಯೋಚನೆಯಿಲ್ಲ, 2.25 ಮೀರಿದರೆ ಗುಲಾಬಿಯಂಥ ಸೂಕ್ಷ್ಮ ಗಿಡ ಬಿಟ್ಟು ತೆಂಗು, ಸಪೋಟ, ದಾಳಿಂಬೆಯತ್ತ ನೋಡಿ, ಮಳೆ ನೀರು ಹಿಡಿಯುವ ತೊಟ್ಟಿಗೆ ಈಗಲೇ ಜಾಗ ಗುರುತಿಸಿ. ಕುಡಿಯುವ ನೀರಿನ ಆರ್‌ಒ ಯಂತ್ರ ಹೊರಬಿಡುವ ನೀರನ್ನು ಗಿಡಕ್ಕೆ ಬಿಡಬೇಡಿ. ಬೋರ್‌ನಲ್ಲಿದ್ದ ಉಪ್ಪು ಅದರಲ್ಲಿ ಇನ್ನೂ ದಟ್ಟವಾಗಿರುತ್ತದೆ.